ಎಚ್ಚರಿಕೆಯ ಮಾತು ಯಾವ ಭಾಷೆಯಲ್ಲಿ?

ಈ ವಾರ್ಷಿಕಕ್ಕೆ ಏನಾದರೂ ಬರೆದುಕೊಡಿ ಎಂದು ಕಾಸರಗೋಡಿನ ಮಿತ್ರರು ಕೇಳಿದಾಗ ಮೊದಲು ಸಂಕೋಚವಾಯಿತು. ನಾನು ಸಾಹಿತಿಯಲ್ಲ. ಜಹೀರಾಬಾದಿನ ಹತ್ತಿರದ ಒಂದು ಹಳ್ಳಿಯವನು. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಆದರೆ ನಿಮಗೂ ನಮಗೂ ಒಂದು ಹಳೆಯ ನಂಟಿದೆ. 1956ರ ನವೆಂಬರ್ 1ರಂದು ನಿಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ತಾಲ್ಲೂಕು, ಇವು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ನಾವು ತೆಲಂಗಾಣದವರು. ನಮ್ಮ ಬೀಗರು ಬೀದರಿನಲ್ಲಿ, ನಮ್ಮ ಕಚೇರಿ ಸಂಗಾರೆಡ್ಡಿಯಲ್ಲಿ. ಈ ಸ್ಥಿತಿಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಡಿನಾಡಿನವರು ಬರೆಯುವಾಗ ಶಾಲೆಯ ಮಾತು, ಪಠ್ಯಪುಸ್ತಕದ ಮಾತು, ನಾಮಫಲಕದ ಮಾತು ಬರುವುದು ರೂಢಿ. ನಾನೂ ಎಷ್ಟೋ ವೇದಿಕೆಗಳಲ್ಲಿ ಅದನ್ನೇ ಆಡಿದ್ದೇನೆ. ಆ ಬೇಡಿಕೆಗಳು ಸುಳ್ಳೆಂದು ಈಗಲೂ ಹೇಳುವುದಿಲ್ಲ. ಆದರೆ ಅವಕ್ಕಿಂತ ಮೊದಲು ಕೇಳಬೇಕಾಗಿದ್ದ ಒಂದನ್ನು ನಾವು ಕೇಳಲೇ ಇಲ್ಲ. ಯಾವ ವಸ್ತುವಿನಿಂದ ನಮ್ಮ ಜೀವಕ್ಕೆ ಅಪಾಯವಿದೆಯೋ ಅದರ ಎಚ್ಚರಿಕೆ ನಮಗೆ ಕನ್ನಡದಲ್ಲಿ ಸಿಗಬೇಕು. ಅದು ಚೆಲ್ಲಿದರೆ, ಸೋರಿದರೆ, ಆ ಸುದ್ದಿ ಕನ್ನಡದಲ್ಲಿ ನಮ್ಮ ಊರಿಗೆ ಮುಟ್ಟಬೇಕು. ನಾವು ಕನ್ನಡದಲ್ಲಿ ಬರೆದುಕೊಟ್ಟ ವರದಿ ಕಡತಕ್ಕೆ ಸೇರಬೇಕು. ಇದನ್ನು ಕೇಳದೆ ಇಷ್ಟು ವರ್ಷ ಕಳೆದ ತಪ್ಪು ಬೇರೆಯವರದಷ್ಟೇ ಅಲ್ಲ, ನಮ್ಮದೂ ಹೌದು ಎಂಬುದನ್ನು ಹೇಳಲು ಈ ಲೇಖನ.

ಮೊದಲು ನಮ್ಮ ಮನೆಯ ಸಂಗತಿ. ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ನಮ್ಮ ಹೊಲಗಳ ಮಗ್ಗುಲಲ್ಲೇ ಹಾಯುತ್ತದೆ. ಆಗ ಅದರ ಸಂಖ್ಯೆ 9, ಈಗ 65. ಒಂದು ಬೆಳಗಿನ ಜಾವ ಅಲ್ಲಿ ಟ್ಯಾಂಕರೊಂದು ಮಗುಚಿತು. ಕಾಕಾ ಓಡುತ್ತ ಬಂದು ನಮ್ಮ ಬಾಗಿಲು ಬಡಿದ.

"ತಮ್ಮಾ, ಏಳು, ಟ್ಯಾಂಕರ್ ಬಿದ್ದಾದ. ಎಣ್ಣಿ ಹರಿಲಕತ್ತಾದ. ಮಂದಿ ಎಲ್ಲಾ ಡಬ್ಬಿ ತುಂಬ್ಲಕತ್ತಾರ. ಮನ್ಯಾಗ ಏನ್ ಡಬ್ಬಿ ಇದ್ರ ಕೊಡು."

ನಾನು ಡಬ್ಬಿ ಕೊಟ್ಟೆ. ಇದನ್ನು ಬರೆಯುವಾಗ ಇಂದಿಗೂ ಕೈ ತಡೆಯುತ್ತದೆ. ಓದಿದ ಮಾಸ್ತರ ನಾನೇ ಡಬ್ಬಿ ಕೊಟ್ಟೆ. ಊರಿನ ಅರ್ಧ ಜನ ಕೊಡ, ಬಕೆಟ್ಟು, ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದಿದ್ದರು. ಟ್ಯಾಂಕರಿನ ಹಿಂಬದಿಯ ಫಲಕದ ಮೇಲೆ ಇಂಗ್ಲಿಷ್ ಅಕ್ಷರ, ಒಂದಷ್ಟು ಅಂಕಿ. ಅರ್ಧ ಕೆಸರು ಮೆತ್ತಿತ್ತು. ಡ್ರೈವರ್ ಹಿಂದಿಯಲ್ಲಿ ಏನೋ ಕೂಗಿದನಂತೆ. ತಲೆಗೆ ಪೆಟ್ಟಾಗಿದ್ದ ಅವನನ್ನು ಯಾರೋ ಜೀಪಿನಲ್ಲಿ ಹಾಕಿಕೊಂಡು ಹೋದರು. ಅದು ಎಣ್ಣೆಯಲ್ಲ ಎಂಬುದು ಕಾಕಾನಿಗೆ ತಿಳಿದದ್ದು ಪಾದದ ಚರ್ಮ ಬೆಂದು ಏಳತೊಡಗಿದಾಗ. ಉರಿಯುತ್ತಿದ್ದ ಕೈಯಿಂದಲೇ ಮುಖ ಒರೆಸಿಕೊಂಡ. ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ ಪ್ರಶ್ನೆ: "ಬಿದ್ದದ್ದು ಏನು?" ಹೇಳುವವರು ಯಾರೂ ಇರಲಿಲ್ಲ. ಎರಡು ತಿಂಗಳ ಚಿಕಿತ್ಸೆಗೆ ಒಂದು ಜೋಡಿ ಎತ್ತು ಮಾರಿದೆವು.

ವಾರ ಕಳೆದ ಮೇಲೆ ನಾನು ಠಾಣೆಗೆ ಹೋಗಿ, ಟ್ಯಾಂಕರಿನಲ್ಲಿ ಇದ್ದದ್ದು ಏನೆಂದು ತಿಳಿಸಿ ಎಂದು ಕೇಳಿದೆ. ರಸ್ತೆ ತೆರವಾಯಿತಲ್ಲ ಮಾಸ್ಟಾರೂ, ಇನ್ನೇನು ಎಂದು ತೆಲುಗಿನಲ್ಲಿ ನಯವಾಗಿಯೇ ಹೇಳಿದರು. ಕನ್ನಡದಲ್ಲಿ ಬರೆದೊಯ್ದಿದ್ದ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ಮರಳಿ ನನ್ನ ಕೈಗೇ ಇಟ್ಟರು. ನಾನು ಸುಮ್ಮನೆ ಮನೆಗೆ ಬಂದೆ. ಕಾಕಾ ಆಮೇಲೆ ಹನ್ನೆರಡು ವರ್ಷ ಬದುಕಿದ. ಆಗಾಗ ಕೇಳುತ್ತಿದ್ದ: "ತಮ್ಮಾ, ಅದು ಏನ್ ಇತ್ತೋ?" ಉತ್ತರ ಇವತ್ತಿಗೂ ನನ್ನಲ್ಲಿಲ್ಲ.

ಇಂಥ ಕಥೆ ಹೇಳಿದ ಮೇಲೆ "ನಮ್ಮ ದೇಶದಲ್ಲಿ ಕಾನೂನೇ ಇಲ್ಲ" ಎಂದು ನಿಟ್ಟುಸಿರು ಬಿಟ್ಟು ಮುಗಿಸುವುದು ಸುಲಭ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ನಿವೃತ್ತನಾದ ಮೇಲೆ ಕುಳಿತು ಓದಿದಾಗ ತಿಳಿದದ್ದು ಬೇರೆ. ಕಾನೂನು ಇತ್ತು, ನಮ್ಮ ಕಾಕಾ ಡಬ್ಬಿ ಹಿಡಿದು ಓಡಿದ ದಿನವೂ ಇತ್ತು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತ ಮೇಲೆ ದೆಹಲಿ ಎಚ್ಚೆತ್ತಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಕೆಳಗೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದಿನ ನಿಯಮಗಳು ಬಂದವು. ಕಾರ್ಖಾನೆಯಲ್ಲಿ ದೊಡ್ಡ ಅಪಘಾತವಾದರೆ 48 ಗಂಟೆಯೊಳಗೆ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಬೇಕೆಂದು ಆ ನಿಯಮಗಳು ಹೇಳುತ್ತವೆ. ಅದಕ್ಕಿಂತ ಮುಖ್ಯವಾದದ್ದು 15ನೆಯ ನಿಯಮ. ಅಪಘಾತವಾದರೆ ಯಾರಿಗೆ ತೊಂದರೆ ತಟ್ಟಬಹುದೋ, ಕಾರ್ಖಾನೆಯ ಹೊರಗಿನ ಆ ಜನರಿಗೆ ಅಪಾಯ ಎಂಥದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮಾಲೀಕರು ತಿಳಿಸಬೇಕು.

ರಸ್ತೆಗೂ ನಿಯಮವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕು ಹೊತ್ತ ವಾಹನದ ಮೇಲೆ ಅದರ ಹೆಸರು, ಅಪಾಯದ ಗುರುತು, ತುರ್ತಿಗೆ ಯಾರನ್ನು ಕರೆಯಬೇಕೆಂಬ ವಿವರ ಇರಬೇಕು. ಅಪಘಾತವಾದರೆ ಡ್ರೈವರ್ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು. 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮಗಳು ಬಂದು, ಕೇಂದ್ರದಿಂದ ಜಿಲ್ಲೆಯವರೆಗೆ, ಜಿಲ್ಲೆಯಿಂದ ಕೈಗಾರಿಕಾ ಪ್ರದೇಶದವರೆಗೆ ವಿಪತ್ತು ಸಮಿತಿಗಳಿರಬೇಕು ಎಂದವು. ಸ್ಥಳೀಯ ಸಮಿತಿಯಲ್ಲಿ ಅಧಿಕಾರಿಗಳಷ್ಟೇ ಅಲ್ಲ. ಹತ್ತಿರದ ಹಳ್ಳಿಯ ಸರಪಂಚ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ, ಸ್ಥಳೀಯ ಪತ್ರಿಕೆಯ ಸಂಪಾದಕ, ಸಮಾಜಸೇವಕರು ಇವರಿಗೂ ಜಾಗವಿದೆ.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆಯ ಕಾಯ್ದೆ. ಅಪಾಯಕಾರಿ ವಸ್ತುವನ್ನು ನಿರ್ವಹಿಸುವಾಗ, ವಾಹನದಲ್ಲಿ ಸಾಗಿಸುವುದೂ ಅದರಲ್ಲಿ ಸೇರಿದೆ, ಅಪಘಾತವಾಗಿ ಹೊರಗಿನವರಿಗೆ ಗಾಯವಾದರೆ, ತಪ್ಪು ಯಾರದೆಂದು ಸಾಬೀತು ಮಾಡದೆಯೇ ಪರಿಹಾರ ಕೊಡಬೇಕು. ಅಪಘಾತ ಗಮನಕ್ಕೆ ಬಂದೊಡನೆ ಕಲೆಕ್ಟರರು ಅದನ್ನು ಖಾತ್ರಿ ಮಾಡಿಕೊಂಡು, ಅರ್ಜಿ ಹಾಕಿರಿ ಎಂದು ಪ್ರಚಾರ ಮಾಡಬೇಕು. ಚಿಕಿತ್ಸೆಯ ವೆಚ್ಚಕ್ಕೆ 12,500 ರೂಪಾಯಿವರೆಗೆ ಎಂದು 1991ರಲ್ಲಿ ಗೊತ್ತುಮಾಡಿದ್ದರು. ಅರ್ಜಿ ಹಾಕಲು ಐದು ವರ್ಷದ ಅವಧಿ. ನಾನು ಈ ಸಾಲನ್ನು ಓದಿದಾಗ ಕಾಕಾ ತೀರಿಹೋಗಿ ವರ್ಷಗಳಾಗಿದ್ದವು. ಆ ಹಣ ದೊಡ್ಡದಲ್ಲ ಎನ್ನಬಹುದು. ಆದರೆ ಅರ್ಜಿ ಹಾಕಿದ್ದರೆ ವಿಚಾರಣೆ ನಡೆಯುತ್ತಿತ್ತು, ಟ್ಯಾಂಕರಿನಲ್ಲಿ ಇದ್ದದ್ದು ಏನು ಎಂಬುದು ಕಾಗದದ ಮೇಲೆ ಬರುತ್ತಿತ್ತು. ಕಾಕಾನ ಪ್ರಶ್ನೆಗೆ ಉತ್ತರವಾದರೂ ಸಿಗುತ್ತಿತ್ತು.

ಹಾಗಾದರೆ ಕೊರತೆಯಾದದ್ದು ಎಲ್ಲಿ? ತಿಳಿಸಬೇಕು ಎಂದು ನಿಯಮ ಹೇಳುತ್ತದೆ. ಯಾವ ಭಾಷೆಯಲ್ಲಿ ತಿಳಿಸಬೇಕು ಎಂದು 15ನೆಯ ನಿಯಮ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಫಲಕ ನೆಟ್ಟರೂ ತಿಳಿಸಿದಂತೆಯೇ ಲೆಕ್ಕ. ಓದಲು ಬಾರದ ಫಲಕದಿಂದ ಮಾಲೀಕರ ಕಡತಕ್ಕೆ ರಕ್ಷಣೆ ಸಿಗುತ್ತದೆ, ದಾರಿಹೋಕನಿಗೆ ಏನೂ ಸಿಗುವುದಿಲ್ಲ.

ಒಂದು ಕಡೆ ಮಾತ್ರ ಭಾಷೆಯ ಮಾತು ಸ್ಪಷ್ಟವಾಗಿದೆ. 1971ರ ಕೀಟನಾಶಕ ನಿಯಮಗಳಲ್ಲಿ, ಡಬ್ಬಿಯ ಮೇಲಿನ ಚೀಟಿಯೂ ಒಳಗಿನ ತಿಳಿವಳಿಕೆ ಪತ್ರವೂ ಹಿಂದಿ, ಇಂಗ್ಲಿಷ್ ಅಲ್ಲದೆ, ಆ ಮಾಲು ಮಾರಾಟವಾಗುವ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೋ ಎರಡೋ ಪ್ರಾದೇಶಿಕ ಭಾಷೆಗಳಲ್ಲಿ ಇರಬೇಕು ಎಂದಿದೆ. ರಾಜ್ಯದ ಆಡಳಿತ ಭಾಷೆ ಎಂದಿಲ್ಲ ಎಂಬುದನ್ನು ಗಮನಿಸಿ. ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆ ಎಂದಿದೆ. ಜಹೀರಾಬಾದಿನ ಅಂಗಡಿಯಲ್ಲಿ ಮಾರುವ ಡಬ್ಬಿಯ ಮೇಲೆ ತೆಲುಗಿನ ಜೊತೆಗೆ ಕನ್ನಡ, ಮಂಜೇಶ್ವರದ ಅಂಗಡಿಯಲ್ಲಿ ಮಲಯಾಳದ ಜೊತೆಗೆ ಕನ್ನಡ ಕೇಳುವುದಕ್ಕೆ ಈ ಒಂದು ಸಾಲು ಸಾಕು. ಐವತ್ತು ವರ್ಷಕ್ಕೂ ಮಿಕ್ಕಿ ಈ ಸಾಲು ಪುಸ್ತಕದಲ್ಲಿದೆ. ಅದನ್ನು ಹಿಡಿದು ಅಂಗಡಿಗೆ ಹೋದ ಒಂದೇ ಒಂದು ಕನ್ನಡ ಸಂಘವನ್ನು ನಾನು ಕಂಡಿಲ್ಲ.

ಇನ್ನು ನಮ್ಮ ಬಾಯಿಮಾತನ್ನೇ ನೋಡಿ. ನಮ್ಮ ಕಡೆ ಹತ್ತಿಗೆ, ತೊಗರಿಗೆ ಕೀಟನಾಶಕ ಸಿಂಪಡಿಸುವುದಕ್ಕೆ "ಎಣ್ಣಿ ಹೊಡೆಯೋದು" ಎನ್ನುತ್ತೇವೆ. ನೀವು ತೋಟಕ್ಕೆ "ಮದ್ದು ಬಿಡುವುದು" ಎನ್ನುತ್ತೀರಿ. ತೆಲುಗರು "ಮಂದು" ಎನ್ನುತ್ತಾರೆ, ಮಲಯಾಳಿಗಳು "ಮರುನ್ನು", ನಮ್ಮ ಮುಸಲ್ಮಾನ ನೆರೆಯವರು "ದವಾ". ಇಷ್ಟೂ ಭಾಷೆಗಳಲ್ಲಿ ವಿಷಕ್ಕೆ ಔಷಧದ ಹೆಸರೇ! ಕಾಕಾ ಎಣ್ಣಿ ಎಂದು ಕೂಗಿದ್ದಕ್ಕೆ ನಾನು ಡಬ್ಬಿ ಕೊಟ್ಟೆ. ಹೆಸರು ತಪ್ಪಿದರೆ ಕೈಯೂ ತಪ್ಪುತ್ತದೆ. ಕೀಟನಾಶಕದ ಡಬ್ಬಿಯ ಮೇಲೆ ನಾಲ್ಕು ಬಣ್ಣದ ಗುರುತುಗಳಿವೆ: ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಕಂಡರೆ ಬೆಳೆಗೆ ಒಳ್ಳೆಯದು ಎಂದು ತಿಳಿಯುವ ರೈತರನ್ನು ನಾನು ಬಲ್ಲೆ. ಅದೂ ವಿಷವೇ, ತೀವ್ರತೆ ಕಡಿಮೆ ಅಷ್ಟೆ ಎಂದು ಅವರಿಗೆ ಅವರ ಮಾತಿನಲ್ಲಿ ಯಾರೂ ಹೇಳಿಲ್ಲ.

ಮದ್ದಿನ ಮಾತು ಬಂದ ಮೇಲೆ ನಿಮ್ಮ ಊರಿನ ನೋವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅದನ್ನು ನಿಮಗೇ ತಿಳಿಸುವ ಅಧಿಕಪ್ರಸಂಗ ನನಗೆ ಬೇಡ. ಅದರಿಂದ ನಾನು ಕಲಿತದ್ದನ್ನು ಮಾತ್ರ ಹೇಳುತ್ತೇನೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಗಿಲಾದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ಕೊನೆಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ವಿಮಾನದಿಂದ ಸಿಂಪಡಿಸುವ ಮುನ್ನ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ, ದನ ಆ ಜಾಗಕ್ಕೆ ಹೋಗದಂತೆ ತಡೆಯಬೇಕು ಎಂದು ಅದೇ 1971ರ ನಿಯಮಗಳಲ್ಲಿದೆ. ಆದರೆ ತೋಡು, ಸುರಂಗ, ಬಾವಿಗಳನ್ನೆಲ್ಲ ಗುಡ್ಡದ ಬುಡದಲ್ಲೇ ಇಟ್ಟುಕೊಂಡ ಜನ 24 ಗಂಟೆಯಲ್ಲಿ ಎಲ್ಲಿಗೆ ಹೋಗಬೇಕು?

ಮೊದಲ ವರದಿ ಕೊಟ್ಟದ್ದು ಯಾರು? ಮಂಡಳಿಯಲ್ಲ, ಇಲಾಖೆಯಲ್ಲ. ಎಣ್ಮಕಜೆಯ ಪಡ್ರೆ, ವಾಣಿನಗರದಲ್ಲಿ ಕುಳಿತು ರೋಗಿಗಳ ಮಾತನ್ನು ಅವರ ಭಾಷೆಯಲ್ಲೇ ಕೇಳಿದ ಡಾ. ವೈ. ಎಸ್. ಮೋಹನ ಕುಮಾರರು, ಅಂಗವಿಕಲವಾಗಿ ಹುಟ್ಟಿದ ಕರುಗಳ ಬಗ್ಗೆ ಬರೆದ ಶ್ರೀ ಪಡ್ರೆಯವರು, ಕೃಷಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ 1998ರಲ್ಲಿ ನ್ಯಾಯಾಲಯಕ್ಕೆ ಹೋದ ಪೆರಿಯದ ಲೀಲಾಕುಮಾರಿ ಅಮ್ಮ. ಇವರ ಹಿಂದೆ ಕನ್ನಡ, ತುಳು, ಮಲಯಾಳ ಮಾತಾಡುವ ನೂರಾರು ತಾಯಂದಿರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ನಿಲ್ಲಿಸಿತು. 2017ರ ಜನವರಿ 10ರಂದು, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. ಮೊದಲ ಕರು ಕಣ್ಣಿಗೆ ಬಿದ್ದದ್ದಕ್ಕೂ ಈ ಆದೇಶಕ್ಕೂ ನಡುವೆ ಮೂರು ದಶಕಕ್ಕೂ ಹೆಚ್ಚು ಕಾಲ. ಹಳ್ಳಿಯವರ ಮಾತನ್ನು ವರದಿ ಎಂದು ಒಪ್ಪಿಕೊಳ್ಳುವ ಒಂದು ಪುಸ್ತಕ ಪಂಚಾಯತಿಯಲ್ಲಿ ಇದ್ದಿದ್ದರೆ ಇಷ್ಟು ವರ್ಷ ಹಿಡಿಯುತ್ತಿತ್ತೆ?

ನಮ್ಮ ಜಿಲ್ಲೆಯ ಮೂಡಣ ತುದಿಯಲ್ಲಿ ಪಟಾನ್‌ಚೆರು ಇದೆ. ಅಲ್ಲಿನ ಔಷಧ, ರಾಸಾಯನಿಕ ಕಾರ್ಖಾನೆಗಳ ಕೊಳೆ ನಕ್ಕವಾಗು ಎಂಬ ಹಳ್ಳದ ಮೂಲಕ ಮಂಜೀರಾ ನದಿಗೆ ಹೋಯಿತು. ಹಳ್ಳದ ಎರಡೂ ದಂಡೆಯ ಹೊಲ, ಬಾವಿಗಳು ಕೆಟ್ಟವು. ಅಲ್ಲಿಯೂ ಮೊದಲು ಎದ್ದವರಲ್ಲಿ ಒಬ್ಬ ಊರ ಡಾಕ್ಟರು, ಡಾ. ಕಿಷನ್ ರಾವ್. 1990ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಆ ಮೊಕದ್ದಮೆ ಹೈಕೋರ್ಟು, ಹಸಿರು ನ್ಯಾಯಮಂಡಳಿ ಎಂದು ಅಲೆದು 2017ರಲ್ಲಿ ತೀರ್ಪು ಕಂಡಿತು. 2025ರ ಜೂನ್ 30ರಂದು ಅದೇ ಪಟಾನ್‌ಚೆರು ಸೀಮೆಯ ಪಾಶಮೈಲಾರಂನಲ್ಲಿ ಸಿಗಾಚಿ ಕಾರ್ಖಾನೆ ಸ್ಫೋಟಗೊಂಡು 40ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬಹಳ ಮಂದಿ ಒಡಿಶಾ, ಬಿಹಾರ, ಉತ್ತರ ಪ್ರದೇಶದಿಂದ ಹೊಟ್ಟೆಪಾಡಿಗೆ ಬಂದವರು. ನಾವು ಕನ್ನಡಕ್ಕಾಗಿ ಕೇಳುವ ಎಚ್ಚರಿಕೆಯನ್ನು ಅವರಿಗಾಗಿ ಒಡಿಯಾದಲ್ಲಿ, ಹಿಂದಿಯಲ್ಲಿ ಕೇಳದಿದ್ದರೆ ನಮ್ಮ ಬೇಡಿಕೆಗೆ ಬೆಲೆಯಿಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್‌ನಿಂದ ಸ್ಟೈರೀನ್ ಅನಿಲ ಸೋರಿದಾಗ ಮಲಗಿದ್ದ ಊರನ್ನು ಎಬ್ಬಿಸಬೇಕಾದ ಸೈರನ್ ಕೂಗಲೇ ಇಲ್ಲ.

ಪಟಾನ್‌ಚೆರು ದೂರ, ನಮಗೇನು ಎನ್ನುವ ಕಾಲ ಹೋಯಿತು. ಜಹೀರಾಬಾದಿನ ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ಸುಮಾರು 12,600 ಎಕರೆಯ ರಾಷ್ಟ್ರೀಯ ಹೂಡಿಕೆ ಮತ್ತು ತಯಾರಿಕಾ ವಲಯಕ್ಕೆ ಗುರುತು ಹಾಕಿದ್ದಾರೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ದೇಶದ 12 ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಾಗ ಅದರಲ್ಲಿ ಜಹೀರಾಬಾದೂ ಒಂದು. ಅದೇ ವರ್ಷ ಔಷಧ ಕಾರ್ಖಾನೆಗಳಿಗೆ ನೆಲ ಕೊಡುವುದಿಲ್ಲವೆಂದು ನ್ಯಾಲ್ಕಲ್ ಮಂಡಲದ ರೈತರು ಎದ್ದರು. ಝರಾಸಂಗಂ ಎಂದರೆ ಕೇತಕಿ ಸಂಗಮೇಶ್ವರನ ಊರು. ಬೀದರ ಕಡೆಯ ಭಕ್ತರು ತಲೆತಲಾಂತರದಿಂದ ನಡೆದುಬರುವ ಕ್ಷೇತ್ರ. ನ್ಯಾಲ್ಕಲ್ 1956ರವರೆಗೆ ಬೀದರ ತಾಲ್ಲೂಕಿನ ಭಾಗವೇ ಆಗಿತ್ತು. ಅಲ್ಲಿ ಮನೆಮಾತು ಏನೆಂದು ಕೇಳಬೇಕಾಗಿಲ್ಲ.

ನೀರಿನ ದಾರಿಯನ್ನೂ ನೋಡಿ. ಕೊಹೀರಿನ ಬಳಿ ಹುಟ್ಟುವ ಕಾರಂಜಾ ನದಿ ಬೀದರ ಜಿಲ್ಲೆಗೆ ಹರಿಯುತ್ತದೆ. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ಸೇಡಂ ಸೀಮೆಗೆ ಇಳಿದು, ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡವನ್ನು ಹಾಯ್ದು ಭೀಮೆಯನ್ನು ಕೂಡುತ್ತದೆ. ನಾರಾಯಣಖೇಡದ ಕಡೆ ಬರುವ ಮಂಜೀರಾ ಬೀದರದಿಂದ ಬರುತ್ತದೆ. ಹೀಗೆ ನಮ್ಮ ಕೊಳೆ ಅವರಿಗೆ, ಅವರ ಕೊಳೆ ನಮಗೆ. ಜಹೀರಾಬಾದಿನಲ್ಲಿ ಒಂದು ಡ್ರಮ್ಮು ಹಳ್ಳಕ್ಕೆ ಬಿದ್ದರೆ ಸಂಗಾರೆಡ್ಡಿಯ ಕಡತದಲ್ಲಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಅದು ದಾಖಲಾಗಬಹುದು. ಹೊಳೆಯ ಕೆಳಗೆ ಬೀದರದ ಹಳ್ಳಿಯಲ್ಲಿ ಎಮ್ಮೆಗೆ ನೀರು ಕುಡಿಸುವವಳಿಗೆ ಆ ಸುದ್ದಿ ತಲುಪಿಸುವವರು ಯಾರು?

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. "ನಿಮಗೆಲ್ಲ ತೆಲುಗು ಬರುತ್ತದಲ್ಲ" ಎನ್ನುತ್ತಾರೆ. ಬರುತ್ತದೆ. ಸಂತೆಯಲ್ಲಿ ತೆಲುಗು, ಮಸೀದಿಯ ಓಣಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಅದು ನಮ್ಮ ಹೆಮ್ಮೆಯೇ. ಆದರೆ ಸಂತೆಯಲ್ಲಿ ಮಾತಾಡುವುದು ಬೇರೆ, ಉರಿಯುವ ಕಣ್ಣಿನಲ್ಲಿ ಫಲಕ ಓದುವುದು ಬೇರೆ. ನಮ್ಮ ಹೊಲಗಳಲ್ಲಿ ಕಳೆ ತೆಗೆಯುವವರು ವಯಸ್ಸಾದ ಹೆಂಗಸರು. ಅವರಲ್ಲಿ ಹಲವರಿಗೆ ತೆಲುಗು ಲಿಪಿ ಇರಲಿ, ಕನ್ನಡ ಲಿಪಿಯೂ ಬಾರದು. ನಾರಾಯಣಖೇಡದ ಲಂಬಾಣಿ ತಾಂಡಾಗಳ ಮಾತಿಗೆ ಸ್ವಂತ ಲಿಪಿಯೇ ಇಲ್ಲ. ಇವರಿಗೆಲ್ಲ ಬಾಯಿಮಾತಿನ ಎಚ್ಚರಿಕೆ ಬೇಕು. ಹಿಂದೆ ಊರಿನಲ್ಲಿ ಡಂಗುರ ಸಾರುತ್ತಿದ್ದರು. ಈಗ ಮಸೀದಿ, ಗುಡಿಗಳ ಧ್ವನಿವರ್ಧಕ ಇದೆ. ಜಹೀರಾಬಾದಿನ ಪಕ್ಕದ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳೇ 2008ರಿಂದ ನಡೆಸಿಕೊಂಡು ಬಂದ ಸಂಘಂ ರೇಡಿಯೊ ಹಳ್ಳಿಯ ಮಾತಿನಲ್ಲಿ ಬೀಜ, ಬೆಳೆಗಳ ವಿಚಾರ ಹೇಳಿ ತೋರಿಸಿತು. ಹಳ್ಳಿಯ ದನಿಯಲ್ಲಿ ಹೇಳಲು ಬರುವುದಿಲ್ಲ ಎಂಬ ನೆಪ ಹಾಗಾಗಿ ನಡೆಯದು.

"ಕನ್ನಡದಲ್ಲಿ ಬರೆದರೆ ಸೋರಿಕೆ ನಿಲ್ಲುತ್ತದೆಯೆ?" ಎಂಬುದು ಎರಡನೆಯ ಪ್ರಶ್ನೆ. ನಿಲ್ಲುವುದಿಲ್ಲ. ಕೊಳವೆಯನ್ನು ಗಟ್ಟಿ ಮಾಡುವುದು ಮಾಲೀಕರ ಕೆಲಸ, ಮಾಡಿದ್ದಾರೆಯೇ ಎಂದು ನೋಡುವುದು ಇನ್‌ಸ್ಪೆಕ್ಟರರ ಕೆಲಸ. ಆದರೆ "ಇದು ಎಣ್ಣೆಯಲ್ಲ, ಮುಟ್ಟಬೇಡಿ" ಎಂಬ ಒಂದು ಸಾಲು ಓದಲು ಬರುವಂತೆ ಇದ್ದಿದ್ದರೆ ಕಾಕಾನ ಕಣ್ಣು ಉಳಿಯುತ್ತಿತ್ತು.

ಇನ್ನು ನಮ್ಮವರ ಮಾತು. ಪ್ರತಿ ನವೆಂಬರಿನಲ್ಲಿ ನಾವು ಬಾವುಟ ಏರಿಸುತ್ತೇವೆ, ಅತಿಥಿಗಳಿಗೆ ಶಾಲು ಹೊದಿಸುತ್ತೇವೆ, ಬೆಂಗಳೂರಿನಿಂದ ಬಂದವರು ಗಡಿನಾಡ ಕನ್ನಡಿಗರ ಸಹನೆಯನ್ನು ಹೊಗಳಿ ಊಟ ಮಾಡಿ ಹೋಗುತ್ತಾರೆ. ಅಂಥ ಸಭೆಗಳಲ್ಲಿ ನಾನೂ ಸ್ವಾಗತ ಭಾಷಣ ಮಾಡಿದ್ದೇನೆ. ಬಸ್ಸಿನ ಫಲಕದಲ್ಲಿ ಕನ್ನಡವಿಲ್ಲವೆಂದು ಒಮ್ಮೆ ಧರಣಿ ಕುಳಿತೆವು. ಟ್ಯಾಂಕರಿನ ಫಲಕದಲ್ಲಿ ಕನ್ನಡವಿಲ್ಲವೆಂದು ಯಾರೂ ಒಂದು ಪೋಸ್ಟ್ ಕಾರ್ಡೂ ಹಾಕಲಿಲ್ಲ. ತಪ್ಪು ಬಸ್ಸು ಹತ್ತಿದವನು ಮುಂದಿನ ಊರಿನಲ್ಲಿ ಇಳಿದು ವಾಪಸು ಬರಬಹುದು. ಕಾಕಾನಿಗೆ ಹಾಗೆ ವಾಪಸು ಬರುವ ದಾರಿ ಇರಲಿಲ್ಲ.

ಕೇಳುವುದಕ್ಕೆ ಆಧಾರಗಳಿವೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವ ಪ್ರಜೆಯೇ ಆಗಲಿ ತನ್ನ ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡಬಹುದು. ಅಂದು ಠಾಣೆಯಲ್ಲಿ ನನ್ನ ಕನ್ನಡದ ಅರ್ಜಿಯನ್ನು ಮರಳಿಸುವ ಹಕ್ಕು ಅವರಿಗಿರಲಿಲ್ಲ, ಮರಳಿ ಪಡೆಯುವ ಅಗತ್ಯ ನನಗಿರಲಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲಿ ಒಪ್ಪಿದ ಕ್ರಮಗಳ ಪ್ರಕಾರ, ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ 15ರಿಂದ 20ರಷ್ಟಿರುವ ತಾಲ್ಲೂಕು, ಪುರಸಭೆಗಳಲ್ಲಿ ಮುಖ್ಯ ಪ್ರಕಟಣೆ, ನಿಯಮಗಳು ಅವರ ಭಾಷೆಯಲ್ಲೂ ಬರಬೇಕು. ನಿಮಗೆ 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯ ಬಲವೂ ಇದೆ. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಕೇಳಬಹುದು. ಹೊಸ ಕಾರ್ಖಾನೆ ಬರುವ ಮುನ್ನ ನಡೆಯುವ ಸಾರ್ವಜನಿಕ ವಿಚಾರಣೆಗೆ ಪರಿಸರ ವರದಿಯ ಸಾರಾಂಶವನ್ನು ಇಂಗ್ಲಿಷಿನಲ್ಲೂ ರಾಜ್ಯದ ಅಥವಾ ಸ್ಥಳೀಯ ಭಾಷೆಯಲ್ಲೂ ಕೊಡಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಸ್ಥಳೀಯ ಎಂಬ ಪದಕ್ಕೆ ಅರ್ಥ ಕೊಡಬೇಕಾದವರು ನಾವೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಮ್ಮ ಮೂರು ತಾಲ್ಲೂಕುಗಳ ಗಡಿ ಮಂಡಲಗಳಲ್ಲಿ ಮಾರುವ ಪ್ರತಿಯೊಂದು ಕೀಟನಾಶಕದ ಡಬ್ಬಿಯ ಮೇಲೂ ಕನ್ನಡ ಬರಲಿ. ಕಾರ್ಖಾನೆಗಳು ಸುತ್ತಲಿನ ಹಳ್ಳಿಗಳಿಗೆ ಕೊಡಬೇಕಾದ ತಿಳಿವಳಿಕೆ ತೆಲುಗು, ಉರ್ದು, ಕನ್ನಡ ಮೂರರಲ್ಲೂ ಬರಲಿ, ತಾಂಡಾಗಳಲ್ಲಿ ಬಾಯಿಮಾತಿನಲ್ಲಿ ಸಾರಲಿ. ಸ್ಥಳೀಯ ವಿಪತ್ತು ಸಮಿತಿ ಇದೆಯೇ ಎಂದು ನಮ್ಮ ಸರಪಂಚರು ಕೇಳಲಿ, ಇಲ್ಲದಿದ್ದರೆ ರಚಿಸಿರಿ ಎನ್ನಲಿ, ಇದ್ದರೆ ತಮ್ಮ ಕುರ್ಚಿಯಲ್ಲಿ ಹೋಗಿ ಕುಳಿತುಕೊಳ್ಳಲಿ. ಸಂಗಾರೆಡ್ಡಿ, ವಿಕಾರಾಬಾದುಗಳಲ್ಲಿ ಸೋರಿದ್ದು ಅದೇ ದಿನ ಬೀದರಿಗೂ ಕಲಬುರಗಿಗೂ ತಿಳಿಯುವ, ಅಲ್ಲಿನದು ಇಲ್ಲಿಗೆ ತಿಳಿಯುವ ಏರ್ಪಾಡು ಆಗಲಿ. ಕೀಟನಾಶಕದಿಂದಾದ ವಿಷಬಾಧೆಯನ್ನೆಲ್ಲ ವರದಿ ಮಾಡಬೇಕೆಂದು ಆಜ್ಞೆ ಮಾಡುವ ಅಧಿಕಾರ 1968ರ ಕಾಯ್ದೆಯ 26ನೆಯ ಕಲಮಿನಲ್ಲಿ ರಾಜ್ಯ ಸರ್ಕಾರಕ್ಕಿದೆ. ಆ ಅಧಿಕಾರ ಹಳ್ಳಿಯ ಆಸ್ಪತ್ರೆಯವರೆಗೆ ಇಳಿಯಲಿ.

ಸರ್ಕಾರ ಮಾಡುವವರೆಗೆ ನಾವೇ ಮಾಡಬಹುದಾದದ್ದೂ ಇದೆ. ನಾನು ಈಗ ನಮ್ಮೂರಿನಲ್ಲಿ ಒಂದು ನೂರು ಪುಟದ ನೋಟುಬುಕ್ಕು ಇಟ್ಟಿದ್ದೇನೆ. ಹಳ್ಳದ ನೀರಿನ ಬಣ್ಣ ಬದಲಾದ ದಿನ, ಮೀನು ತೇಲಿದ ದಿನ, ಸಿಂಪಡಿಸಲು ಹೋಗಿ ತಲೆಸುತ್ತಿ ಬಿದ್ದವರು, ರಸ್ತೆಯಲ್ಲಿ ಮಗುಚಿದ ಲಾರಿಯ ಫಲಕದ ಮೇಲಿದ್ದ ಅಂಕಿ, ಇಷ್ಟನ್ನು ದಿನಾಂಕ ಹಾಕಿ ಕನ್ನಡದಲ್ಲಿ ಬರೆಯುತ್ತೇವೆ. ಅಕ್ಷರ ಬಲ್ಲ ಹುಡುಗಿಯರು ಬರೆಯುತ್ತಾರೆ, ಬಾರದವರು ಬಂದು ಹೇಳುತ್ತಾರೆ. ಒಂದು ಪ್ರತಿ ತಹಸೀಲ್ದಾರರ ಕಚೇರಿಗೆ ಅಂಚೆಯಲ್ಲಿ ಹೋಗುತ್ತದೆ. ರಸೀದಿಯನ್ನು ಬುಕ್ಕಿಗೆ ಅಂಟಿಸುತ್ತೇವೆ. ಉತ್ತರ ಇನ್ನೂ ಬಂದಿಲ್ಲ. ಆದರೆ ಅರ್ಜಿ ಈ ಸಲ ನನ್ನ ಕೈಗೆ ಮರಳಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಈ ಪುಟ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಕೊಟ್ಟಿಗೆಗೋ ಅಟ್ಟಕ್ಕೋ ಹೋಗಿ, ತೋಟಕ್ಕೆ ಬಿಡುವ ಮದ್ದಿನ ಡಬ್ಬಿಯನ್ನು ತಿರುಗಿಸಿ ನೋಡಿ. ಯಾವ ಯಾವ ಭಾಷೆಗಳಲ್ಲಿ ಬರೆದಿದೆ ಎಂದು ಎಣಿಸಿ. ಕನ್ನಡವಿದ್ದರೆ ಮನೆಯವರಿಗೆಲ್ಲ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಇಲ್ಲದಿದ್ದರೆ ಹತ್ತಿರದ ಕೃಷಿಭವನಕ್ಕೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಕನ್ನಡ ಓದಲು ಬಾರದ ಮಲಯಾಳಿ ನೆರೆಯವರಿದ್ದರೆ ಅವರನ್ನೂ ಕರೆದು ಆ ಡಬ್ಬಿಯನ್ನು ತೋರಿಸಿ. ಖಾಲಿಯಾದ ಡಬ್ಬಿಯನ್ನು ಮಾತ್ರ ಯಾರು ಕೇಳಿದರೂ ಕೊಡಬೇಡಿ.